ಎಣ್ಣೆ ಒಣಗುವುದೂ ಜೀವಕೋಶ ಸಾಯುವುದೂ

ಹಳೆಯ ಮನೆಗಳ ಹೆಬ್ಬಾಗಿಲಿಗೆ ಅಗಸೆ ಎಣ್ಣೆ ಬಳಿಯುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಬಳಿದ ದಿನ ಅದು ಕೈಗೆ ಅಂಟುತ್ತದೆ. ಕೆಲವು ದಿನಗಳ ಬಳಿಕ ಮುಟ್ಟಿದರೆ ಅಂಟುವುದಿಲ್ಲ. ಮರದ ಮೇಲೆ ತೆಳುವಾದ, ಗಟ್ಟಿಯಾದ ಪೊರೆಯೊಂದು ನಿಂತಿರುತ್ತದೆ. ಎಣ್ಣೆ ಒಣಗಿತು ಎಂದು ಹೇಳುತ್ತೇವೆ. ಆದರೆ ಒದ್ದೆ ಬಟ್ಟೆ ಒಣಗುವುದಕ್ಕೂ ಅಗಸೆ ಎಣ್ಣೆ ಒಣಗುವುದಕ್ಕೂ ಹೆಸರೊಂದನ್ನು ಬಿಟ್ಟರೆ ಬೇರೆ ಸಾಮ್ಯವಿಲ್ಲ. ಬಟ್ಟೆಯಿಂದ ನೀರು ಆವಿಯಾಗಿ ಹೋಗುತ್ತದೆ, ಬಟ್ಟೆ ಹಗುರವಾಗುತ್ತದೆ. ಎಣ್ಣೆಯಾದರೋ ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು ಮೊದಲಿಗಿಂತ ಭಾರವಾಗುತ್ತದೆ. ಅಷ್ಟೇ ಅಲ್ಲ, ಹೀಗೆ ಒಣಗುವಾಗ ಶಾಖವೂ ಹುಟ್ಟುತ್ತದೆ. ಅಗಸೆ ಎಣ್ಣೆಯಲ್ಲಿ ತೊಯ್ದ ಚಿಂದಿಬಟ್ಟೆಗಳನ್ನು ಮೂಲೆಯಲ್ಲಿ ರಾಶಿ ಹಾಕಿಟ್ಟರೆ, ಆ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ, ಯಾರೂ ಕಡ್ಡಿ ಗೀರದಿದ್ದರೂ ಬೆಂಕಿ ಹತ್ತಿಕೊಳ್ಳುವುದುಂಟು. ಬಣ್ಣದ ಕೆಲಸದವರಿಗೆ ಈ ಅಪಾಯ ಚೆನ್ನಾಗಿ ಗೊತ್ತು.

ಕೊಬ್ಬರಿ ಎಣ್ಣೆಯನ್ನು ಬಳಿದು ನೋಡಿ. ಎಷ್ಟು ದಿನ ಕಾದರೂ ಅದು ಜಿಡ್ಡಾಗಿಯೇ ಉಳಿಯುವುದು. ಎರಡು ಗಾಜಿನ ಪಟ್ಟಿಗಳ ಮೇಲೆ ಎರಡೂ ಎಣ್ಣೆಗಳನ್ನು ತೆಳ್ಳಗೆ ಸವರಿ, ಧೂಳು ಬೀಳದ ಕಡೆ ಇಟ್ಟು, ದಿನವೂ ಬೆರಳಿನಿಂದ ಮುಟ್ಟಿ ನೋಡುವ ಪ್ರಯೋಗಕ್ಕೆ ಕಾಸಿನ ಖರ್ಚಿಲ್ಲ, ವಿದ್ಯಾರ್ಥಿಗಳು ಮಾಡಬೇಕು. ಇನ್ನೊಂದು ಸಂಗತಿ: ಅಗಸೆ ಎಣ್ಣೆ ಬೇಗ ಒಣಗಲೆಂದು ಬಣ್ಣ ತಯಾರಿಸುವವರು ಅದಕ್ಕೆ ಕೆಲವು ಲೋಹಗಳ ಲವಣಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಕೋಬಾಲ್ಟು, ಮ್ಯಾಂಗನೀಸು, ಕಬ್ಬಿಣ ಇವು ಆ ಗುಂಪಿನವು.

ಬಾಗಿಲ ಮೇಲೆ ನಡೆಯುವ ಈ ಕ್ರಿಯೆಯೇ ಜೀವಕೋಶದ ಪೊರೆಯಲ್ಲಿ ನಡೆದರೆ ಕೋಶ ಸಾಯುತ್ತದೆ. ಇಂತಹ ಸಾವಿಗೆ 2012ರಲ್ಲಿ 'ಫೆರಾಪ್ಟೋಸಿಸ್' ಎಂದು ಹೆಸರಾಯಿತು. ಫೆರಮ್ ಎಂದರೆ ಲ್ಯಾಟಿನ್ನಿನಲ್ಲಿ ಕಬ್ಬಿಣ. ಪ್ಟೋಸಿಸ್ ಎಂದರೆ ಗ್ರೀಕಿನಲ್ಲಿ ಬೀಳುವುದು. ಸಂಸ್ಕೃತದ ಅಯಸ್ ಶಬ್ದವನ್ನು ಹಿಡಿದು 'ಅಯೋಮರಣ' ಎನ್ನಬಹುದಾಗಿತ್ತು. ಆದರೆ ಅದು ಗ್ರೀಕಿಗಿಂತಲೂ ಕಠಿಣವಾಗಿ ಕೇಳಿಸುವುದರಿಂದ ನಾವು 'ಕಬ್ಬಿಣದ ಸಾವು' ಎಂದೇ ಕರೆಯುತ್ತೇವೆ. ಕ್ಯಾನ್ಸರ್ ಕೋಶಗಳು ಈ ಸಾವಿಗೆ ಹತ್ತಿರದಲ್ಲಿಯೇ ಬದುಕುತ್ತಿರುತ್ತವೆ ಎಂಬುದೂ, ಅವು ತಿನ್ನುವ ಮತ್ತು ತಯಾರಿಸುವ ಕೆಲವು ಸಣ್ಣ ಅಣುಗಳೇ ಅವನ್ನು ಅತ್ತ ತಳ್ಳುವುವು ಅಥವಾ ಇತ್ತ ಎಳೆಯುವುವು ಎಂಬುದೂ ಈಚಿನ ಸಂಶೋಧನೆಗಳ ಸಾರ. ಭೌತವಿಜ್ಞಾನ ಹೇಳಿಕೊಡುವ ನಮಗೆ ಜೀವಕೋಶದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಥೆಯ ಮುಖ್ಯಪಾತ್ರ ಒಂಟಿಯಾದ ಒಂದು ಎಲೆಕ್ಟ್ರಾನು ಎಂಬುದೇ ನಮ್ಮ ಉತ್ತರ.

ಬಹುಪಾಲು ಅಣುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿರುವುವು. ಜೋಡಿಯಲ್ಲಿ ಒಂದರ ಭ್ರಮಣ ಒಂದು ದಿಕ್ಕಿಗಾದರೆ ಇನ್ನೊಂದರದು ವಿರುದ್ಧ ದಿಕ್ಕಿಗೆ. ಆಮ್ಲಜನಕದ ಅಣು ಇದಕ್ಕೆ ಅಪವಾದ. ಅದರಲ್ಲಿ ಎರಡು ಎಲೆಕ್ಟ್ರಾನುಗಳು ಒಂದೇ ದಿಕ್ಕಿನ ಭ್ರಮಣವುಳ್ಳವಾಗಿ, ಜೋಡಿಗೂಡದೆ ಪ್ರತ್ಯೇಕವಾಗಿ ಉಳಿದಿರುತ್ತವೆ. ದ್ರವ ಆಮ್ಲಜನಕವನ್ನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಸುರಿದರೆ ಅದು ಕೆಳಗೆ ಬೀಳದೆ ಅಲ್ಲಿಯೇ ಹಿಡಿದುಕೊಂಡು ನಿಲ್ಲುವುದು ಈ ಕಾರಣದಿಂದಲೇ. ಇಂತಹ ಅಣುವಿಗೆ, ಎಲ್ಲ ಎಲೆಕ್ಟ್ರಾನುಗಳೂ ಜೋಡಿಗೂಡಿರುವ ಸಾಧಾರಣ ಅಣುವಿನೊಡನೆ ಕೂಡುವುದು ಸುಲಭವಲ್ಲ. ಭ್ರಮಣದ ನಿಯಮ ಅಡ್ಡ ಬರುತ್ತದೆ. ನಾವು ನೀವು, ನಮ್ಮ ಪುಸ್ತಕಗಳು, ಬಟ್ಟೆಬರೆಗಳೆಲ್ಲ ಆಮ್ಲಜನಕದ ನಡುವೆ ಇದ್ದೂ ಉರಿದುಹೋಗದಿರುವುದಕ್ಕೆ ಇದೊಂದು ದೊಡ್ಡ ಕಾರಣ. ಆದರೆ ಎದುರಿಗೆ ಬಂದ ಅಣುವಿನಲ್ಲಿಯೂ ಒಂಟಿ ಎಲೆಕ್ಟ್ರಾನೊಂದು ಇದ್ದರೆ ಅಡ್ಡಿಯೇ ಇಲ್ಲ. ಆಮ್ಲಜನಕ ಥಟ್ಟನೆ ಅದನ್ನು ಹಿಡಿದುಕೊಳ್ಳುತ್ತದೆ. ಒಂಟಿ ಎಲೆಕ್ಟ್ರಾನುಳ್ಳ ಇಂತಹ ಅಣುಗಳಿಗೆ ರಸಾಯನವಿಜ್ಞಾನದಲ್ಲಿ ರ‍್ಯಾಡಿಕಲ್ ಎಂದು ಹೆಸರು.

ಇನ್ನು ಎಣ್ಣೆಯ ಕಡೆಗೆ ನೋಡೋಣ. ಎಣ್ಣೆ ಕೊಬ್ಬುಗಳಲ್ಲಿರುವ ಆಮ್ಲಗಳು ಇಂಗಾಲದ ಉದ್ದನೆಯ ಸರಗಳು. ಪ್ರತಿ ಇಂಗಾಲಕ್ಕೂ ಜಲಜನಕದ ಪರಮಾಣುಗಳು ಅಂಟಿರುತ್ತವೆ. ಕೊಬ್ಬರಿ ಎಣ್ಣೆಯ ಸರಗಳಲ್ಲಿ ಇಂಗಾಲಗಳ ನಡುವೆ ಬಹುಮಟ್ಟಿಗೆ ಒಂಟಿಬಂಧಗಳೇ. ಆಲಿವ್ ಮತ್ತು ಕಡಲೆಕಾಯಿ ಎಣ್ಣೆಗಳಲ್ಲಿ ಧಾರಾಳವಾಗಿರುವ ಓಲಿಯಿಕ್ ಆಮ್ಲದಲ್ಲಿ 18 ಇಂಗಾಲಗಳಿಗೆ ಒಂದು ಜೋಡಿಬಂಧ. ಅಗಸೆ ಎಣ್ಣೆಯ ಲಿನೊಲೆನಿಕ್ ಆಮ್ಲದಲ್ಲಿ ಮೂರು. ಜೋಡಿಬಂಧಗಳ ಸಂಖ್ಯೆಗಿಂತ ಅವುಗಳ ನಡುವೆ ಸಿಕ್ಕಿಕೊಂಡ ಇಂಗಾಲದ ಪಾಡು ಮುಖ್ಯವಾದುದು. ಸಾಧಾರಣವಾಗಿ ಇಂಗಾಲದಿಂದ ಜಲಜನಕವನ್ನು ಕಿತ್ತುಹಾಕಲು ಮೋಲ್ ಒಂದಕ್ಕೆ ಸುಮಾರು 400 ಕಿಲೋಜೂಲ್ ಶಕ್ತಿ ಬೇಕು. ಎರಡು ಜೋಡಿಬಂಧಗಳ ನಡುವಣ ಇಂಗಾಲದಿಂದ ಕೀಳಲು ಸುಮಾರು 320 ಸಾಕು. ಈ 80 ಕಿಲೋಜೂಲುಗಳ ವ್ಯತ್ಯಾಸದಲ್ಲಿಯೇ ಬಾಗಿಲ ಮೇಲಣ ಹೊಳಪೂ, ನಾವು ಮುಂದೆ ಹೇಳಲಿರುವ ಸಾವೂ ಅಡಗಿವೆ.

ಯಾವುದೋ ಒಂದು ರ‍್ಯಾಡಿಕಲ್ ಬಂದು ಆ ಸಡಿಲವಾದ ಜಲಜನಕವನ್ನು ಕಿತ್ತುಕೊಂಡು ಹೋಯಿತೆನ್ನೋಣ. ಕೊಬ್ಬಿನ ಸರವೇ ಈಗ ಒಂಟಿ ಎಲೆಕ್ಟ್ರಾನುಳ್ಳ ರ‍್ಯಾಡಿಕಲ್ ಆಯಿತು. ಕಾದಿದ್ದ ಆಮ್ಲಜನಕ ಅದನ್ನು ಹಿಡಿಯಿತು; ಹಿಡಿದ ಮೇಲೂ ಒಂದು ಎಲೆಕ್ಟ್ರಾನು ಒಂಟಿಯಾಗಿಯೇ ಉಳಿಯಿತು. ಅದು ತನ್ನ ಕೊರತೆಯನ್ನು ನೀಗಿಕೊಳ್ಳಲು ಪಕ್ಕದ ಸರದ ಜಲಜನಕವನ್ನು ಕಿತ್ತಿತು. ತಾನು ಪೆರಾಕ್ಸೈಡ್ ಆಗಿ ಸುಮ್ಮನಾಯಿತು, ನೆರೆಯವನು ರ‍್ಯಾಡಿಕಲ್ ಆದ. ಇದೇ ಸರಪಣಿ ಕ್ರಿಯೆ. ಜಾತ್ರೆಯಲ್ಲಿ ಜೇಬು ಕಳೆದುಕೊಂಡವನು ಪಕ್ಕದವನ ಜೇಬಿಗೆ ಕೈಹಾಕಿದಂತೆ, ನಷ್ಟ ಒಬ್ಬನಿಂದ ಒಬ್ಬನಿಗೆ ದಾಟುತ್ತ ಹೋಗುತ್ತದೆ, ತೀರುವುದಿಲ್ಲ.

ಆದರೂ ಒಂದು ಕಿಡಿಯಿಂದ ಹುಟ್ಟಿದ ಸರಪಣಿ ಒಂದೇ. ಎರಡು ರ‍್ಯಾಡಿಕಲ್ಲುಗಳು ಎದುರಾದರೆ ಅವುಗಳ ಎಲೆಕ್ಟ್ರಾನುಗಳು ಜೋಡಿಗೂಡಿ ಕ್ರಿಯೆ ನಿಂತುಹೋಗುತ್ತದೆ. ಹಿಂದೆ ಉಳಿದ ಪೆರಾಕ್ಸೈಡುಗಳು ತಮ್ಮಷ್ಟಕ್ಕೆ ತಾವು ಬಹುಕಾಲ ಸುಮ್ಮನಿರಬಲ್ಲವು. ಇಲ್ಲಿಯೇ ಕಬ್ಬಿಣದ ಪ್ರವೇಶ.

ಕೇಂಬ್ರಿಜ್ಜಿನ ಹೆನ್ರಿ ಫೆಂಟನ್ 1894ರಲ್ಲಿ ಒಂದು ಪ್ರಬಂಧ ಪ್ರಕಟಿಸಿದನು. ನಮ್ಮ ಹುಣಿಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲವನ್ನು ಹೈಡ್ರೋಜನ್ ಪೆರಾಕ್ಸೈಡ್ ತಾನಾಗಿ ಅಷ್ಟಾಗಿ ಬಾಧಿಸುವುದಿಲ್ಲ. ಫೆರಸ್ ರೂಪದ ಕಬ್ಬಿಣವನ್ನು ಒಂದಿಷ್ಟು ಸೇರಿಸಿದೊಡನೆ ಆಮ್ಲ ತೀವ್ರವಾಗಿ ಉತ್ಕರ್ಷಣಗೊಳ್ಳುತ್ತದೆ ಎಂಬುದು ಅದರ ವಿಷಯ. ಫೆರಸ್ ಕಬ್ಬಿಣ ತನ್ನ ಒಂದು ಎಲೆಕ್ಟ್ರಾನನ್ನು ಪೆರಾಕ್ಸೈಡಿಗೆ ಕೊಟ್ಟುಬಿಡುತ್ತದೆ. ಪೆರಾಕ್ಸೈಡಿನ ದುರ್ಬಲವಾದ ನಡುಬಂಧ ಮುರಿದು ಒಂದು ತುಂಡು ರ‍್ಯಾಡಿಕಲ್ ಆಗಿ ಹೊರಬೀಳುತ್ತದೆ. ಈ ರ‍್ಯಾಡಿಕಲ್ಲನ್ನು ಗುರುತಿಸಿ ಹೇಳಿದವರು 1934ರಲ್ಲಿ ಹೇಬರ್ ಮತ್ತು ವೈಸ್. ಕೊಬ್ಬಿನ ಪೆರಾಕ್ಸೈಡಿಗೂ ಇದೇ ಗತಿ. ಸುಮ್ಮನೆ ಮಲಗಿದ್ದ ಒಂದೊಂದು ಪೆರಾಕ್ಸೈಡೂ ಕಬ್ಬಿಣ ಸೋಕಿದಾಗ ಹೊಸ ಕಿಡಿಯಾಗುತ್ತದೆ. ಒಂದು ಸರಪಣಿ ಹತ್ತಾಗಿ ಕವಲೊಡೆಯುತ್ತದೆ. ಬಣ್ಣದ ಡಬ್ಬಿಗೆ ಲೋಹದ ಲವಣ ಹಾಕುವವರು ಮಾಡುವುದೂ ಇದನ್ನೇ.

ಜೀವಕೋಶದ ಪೊರೆ ಕೊಬ್ಬಿನ ಎರಡು ಪದರಗಳಿಂದ ಆದುದು. ಪೊರೆ ಮೃದುವಾಗಿ, ಬಳುಕುವಂತಿರಬೇಕಾದರೆ ಅದರಲ್ಲಿ ಜೋಡಿಬಂಧಗಳುಳ್ಳ ಸರಗಳು ಇರಲೇಬೇಕು. ಅರಾಕಿಡೋನಿಕ್ ಆಮ್ಲ ಅಂಥದು: 20 ಇಂಗಾಲ, ನಾಲ್ಕು ಜೋಡಿಬಂಧ, ನಡುವೆ ಸಿಕ್ಕಿಕೊಂಡ ಇಂಗಾಲಗಳು ಮೂರು. ಕೋಶದಲ್ಲಿ ಆಮ್ಲಜನಕವುಂಟು, ಕಬ್ಬಿಣವುಂಟು. ಅಗಸೆ ಎಣ್ಣೆ ಬಳಿದ ಬಾಗಿಲಿಗೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿಯೂ ಇದೆ. ಹೀಗಿರುವಲ್ಲಿ ನಮ್ಮ ಮೈಯ ಕೋಶಗಳೆಲ್ಲ ಎಂದೋ ಒಣಗಿಹೋಗಬೇಕಾಗಿತ್ತಲ್ಲವೆ?

ಹಾಗಾಗದಂತೆ ಕಾಯುವ ಕಾವಲುಗಾರನೊಬ್ಬನಿದ್ದಾನೆ. ಇಟಲಿಯ ಫುಲ್ವಿಯೊ ಉರ್ಸಿನಿ ಮತ್ತು ಸಂಗಡಿಗರು 1982ರಲ್ಲಿ ಹಂದಿಯ ಯಕೃತ್ತಿನಿಂದ ಬೇರ್ಪಡಿಸಿದ ಕಿಣ್ವ ಅದು. ಈಗ ಅದನ್ನು ಜಿ.ಪಿ.ಎಕ್ಸ್.4 ಎಂದು ಕರೆಯುವರು. ಅದರ ಕ್ರಿಯಾಸ್ಥಾನದಲ್ಲಿ ಸೆಲೆನಿಯಂನ ಒಂದು ಪರಮಾಣು ಇದೆ. ಪೊರೆಯಲ್ಲಿ ಪೆರಾಕ್ಸೈಡ್ ಕಂಡಲ್ಲಿ, ಕಬ್ಬಿಣ ಅದನ್ನು ಮುಟ್ಟುವುದರೊಳಗೆ, ಅದನ್ನು ನಿರಪಾಯಕಾರಿಯಾದ ಮದ್ಯಸಾರದ ಜಾತಿಯ ವಸ್ತುವನ್ನಾಗಿ ಮಾಡಿಬಿಡುವುದೇ ಇದರ ಕೆಲಸ. ಪ್ರತಿ ಸಲವೂ ಅದಕ್ಕೆ ಗ್ಲೂಟಾಥಯೋನ್ ಎಂಬ ವಸ್ತು ಖರ್ಚಾಗುತ್ತದೆ. ಗ್ಲೂಟಾಥಯೋನ್ ತಯಾರಿಸಲು ಗಂಧಕವುಳ್ಳ ಸಿಸ್ಟೀನ್ ಬೇಕು. ಅದನ್ನು ಬಹುಪಾಲು ಕೋಶಗಳು ಹೊರಗಿನಿಂದ, ಎರಡು ಸಿಸ್ಟೀನುಗಳು ಕೂಡಿದ 'ಸಿಸ್ಟಿನ್' ರೂಪದಲ್ಲಿ ತರಿಸಿಕೊಳ್ಳುತ್ತವೆ. ಅದು ಒಳಬರುವ ಬಾಗಿಲು ವಿಚಿತ್ರವಾದುದು: ಒಳಗಿನಿಂದ ಒಂದು ಗ್ಲೂಟಮೇಟ್ ಹೊರಗೆ ಹೋದರೆ ಮಾತ್ರ ಹೊರಗಿನ ಒಂದು ಸಿಸ್ಟಿನ್ ಒಳಗೆ ಬರುವುದು. ಹೊರಗೆ ಗ್ಲೂಟಮೇಟ್ ಅತಿಯಾಗಿ ಸೇರಿದರೆ ಈ ವಿನಿಮಯ ಕೆಡುತ್ತದೆ, ಕೋಶ ಗಂಧಕವಿಲ್ಲದೆ ಸೊರಗುತ್ತದೆ, ಕಾವಲುಗಾರನ ಕೈ ಬರಿದಾಗುತ್ತದೆ. ಗ್ಲೂಟಮೇಟ್ ವಿಷವಲ್ಲ, ಕೋಶಗಳು ನಿತ್ಯವೂ ತಯಾರಿಸಿ ಬಳಸುವ ವಸ್ತು. ಹೀಗೆ ಕೋಶದ ಪಚನದಲ್ಲಿ ಹುಟ್ಟಿ, ರೂಪಾಂತರ ಹೊಂದುತ್ತ ಸಾಗುವ ಸಣ್ಣ ಅಣುಗಳಿಗೆ ಚಯಾಪಚಯ ದ್ರವ್ಯಗಳೆಂದು ಹೆಸರು. ಸಾವನ್ನು ತರಬಲ್ಲ ದ್ರವ್ಯಗಳಲ್ಲಿ ವಾಚಕರು ಕಂಡ ಮೊದಲನೆಯದು ಇದು.

ಈ ಸಾವನ್ನು ವಿಜ್ಞಾನಿಗಳು ಹೆಸರಿಡುವುದಕ್ಕೆ ಬಹುಕಾಲ ಮುಂಚೆಯೇ ಕಂಡಿದ್ದರು. ಅಮೆರಿಕದ ಹ್ಯಾರಿ ಈಗಲ್ 1955ರಲ್ಲಿ, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳಿಗೆ ಯಾವ ಯಾವ ಆಹಾರಾಂಶ ಅವಶ್ಯಕವೆಂದು ಒಂದೊಂದನ್ನೇ ತೆಗೆದು ಪರೀಕ್ಷಿಸುತ್ತಿದ್ದಾಗ, ಸಿಸ್ಟಿನ್ ಇಲ್ಲದ ದ್ರಾವಣದಲ್ಲಿ ಅವು ಉಳಿಯುವುದಿಲ್ಲವೆಂದು ತೋರಿಸಿದನು. ಜಪಾನಿನ ಬನ್ನಾಯ್ ಮತ್ತು ಸಂಗಡಿಗರು 1977ರಲ್ಲಿ ಇನ್ನೂ ಕುತೂಹಲಕರವಾದ ಸಂಗತಿಯನ್ನು ಕಂಡರು: ಸಿಸ್ಟಿನ್ ಕೊಡದೆಯೇ, ಇ ಜೀವಸತ್ವವನ್ನು ಕೊಟ್ಟರೆ ಕೋಶಗಳು ಸಾಯುವುದಿಲ್ಲ! ಇ ಜೀವಸತ್ವದಲ್ಲಿ ಗಂಧಕವಿಲ್ಲ. ಅದು ಸಿಸ್ಟಿನ್ನಿನ ಸ್ಥಾನವನ್ನು ತುಂಬಲಾರದು. ರ‍್ಯಾಡಿಕಲ್ಲುಗಳ ಸರಪಣಿಯನ್ನು ಕಡಿಯುವುದಷ್ಟೇ ಅದಕ್ಕೆ ಗೊತ್ತು. ಅಂದರೆ ಕೋಶ ಸತ್ತಿದ್ದು ಹಸಿವಿನಿಂದಲ್ಲ, ಉರಿಯಿಂದ. ಇಂದು ಹಿಂತಿರುಗಿ ನೋಡಿದರೆ ಇಷ್ಟು ಸ್ಪಷ್ಟವಾಗಿರುವ ಈ ಸೂಚನೆ ಮೂವತ್ತೈದು ವರ್ಷ ಬಿಡಿಯಾಗಿಯೇ ಉಳಿಯಿತು.

ಗಂಟು ಬಿಚ್ಚಿದ್ದು ಬೇರೊಂದು ದಾರಿಯಿಂದ. ಬ್ರೆಂಟ್ ಸ್ಟಾಕ್‌ವೆಲ್ ಎಂಬ ವಿಜ್ಞಾನಿಯ ತಂಡ 23,550 ರಾಸಾಯನಿಕಗಳನ್ನು ಪರೀಕ್ಷಿಸಿ, ಕ್ಯಾನ್ಸರಿನಂತೆ ಮಾರ್ಪಡಿಸಿದ ಕೋಶಗಳನ್ನು ಮಾತ್ರ ಕೊಂದು ಅವುಗಳ ಸಹಜ ಸೋದರರನ್ನು ಉಳಿಸುವ ವಸ್ತುವನ್ನು ಹುಡುಕಿತು. 2003ರಲ್ಲಿ ಅಂತಹದೊಂದು ಸಿಕ್ಕಿತು. ಎರಾಸ್ಟಿನ್ ಎಂದು ಹೆಸರಿಟ್ಟರು. ಆದರೆ ಸತ್ತ ಕೋಶಗಳು ಶಿಸ್ತಿನಿಂದ ಮುದುಡಿ ತುಂಡಾಗುವ, 1972ರಲ್ಲಿ ಅಪೊಪ್ಟೋಸಿಸ್ ಎಂದು ಹೆಸರು ಪಡೆದ ರೀತಿಯಲ್ಲಿ ಸತ್ತಿರಲಿಲ್ಲ. 2012ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸ್ಟಾಕ್‌ವೆಲ್, ಸ್ಕಾಟ್ ಡಿಕ್ಸನ್ ಮೊದಲಾದವರು ಅದರ ಮರ್ಮ ತಿಳಿಸಿದರು. ಎರಾಸ್ಟಿನ್ ಮುಚ್ಚುವುದು ಸಿಸ್ಟಿನ್ ಬರುವ ಬಾಗಿಲನ್ನೇ. ರಕ್ತದಲ್ಲಿ ಕಬ್ಬಿಣ ಅತಿಯಾದ ರೋಗಿಗಳಿಗೆ ಕೊಡುವ ಡೆಫೆರಾಕ್ಸಮಿನ್ ಎಂಬ ಔಷಧವನ್ನು ಪಾತ್ರೆಗೆ ಹಾಕಿದರೆ, ಅದು ಕಬ್ಬಿಣವನ್ನು ಕಟ್ಟಿಹಾಕುವುದರಿಂದ, ಕೋಶಗಳು ಸಾಯುವುದಿಲ್ಲ. ಬಾಗಿಲಿನ ಎಣ್ಣೆಯಂತೆ ಇಲ್ಲಿ ಗಟ್ಟಿ ಪದರವೇನೂ ಕಟ್ಟುವುದಿಲ್ಲವೆಂಬುದನ್ನು ಹೇಳಬೇಕು. ಪೊರೆ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ, ನೀರು ನುಗ್ಗುತ್ತದೆ, ಕೋಶ ಉಬ್ಬಿ ಒಡೆಯುತ್ತದೆ.

ಕ್ಯಾನ್ಸರಿಗೂ ಇದಕ್ಕೂ ಇರುವ ನಂಟೇನು? ಕ್ಯಾನ್ಸರ್ ಕೋಶಕ್ಕೆ ಕಬ್ಬಿಣದ ಹಸಿವು ಹೆಚ್ಚು. ಎಡೆಬಿಡದೆ ಒಡೆದು ಇಮ್ಮಡಿಯಾಗುವ ಕೋಶ ಪ್ರತಿ ಸಲವೂ ಡಿ.ಎನ್.ಎ.ಯ ಹೊಸ ಪ್ರತಿಯನ್ನು ಕಟ್ಟಬೇಕು. ಅದರ ಸಾಮಗ್ರಿ ಒದಗಿಸುವ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ಹೀಗೆ ಬೆಳೆಯುವ ಆತುರದಲ್ಲಿ ಅದು ತನ್ನ ಮನೆಯೊಳಗೆ ತಾನೇ ಮದ್ದನ್ನು ತುಂಬಿಕೊಳ್ಳುತ್ತದೆ. ಇನ್ನೂ ಮುಖ್ಯವಾದ ಸಂಗತಿ 2017ರಲ್ಲಿ ತಿಳಿದುಬಂದಿತು. ಔಷಧದಿಂದ ಗಡ್ಡೆಯ ಬಹುಭಾಗ ಕರಗಿದ ಮೇಲೂ ಕೆಲವು ಕೋಶಗಳು ರೂಪ ಬದಲಿಸಿಕೊಂಡು ಬದುಕುಳಿಯುವುವು. ರೋಗ ಮರಳಿ ಬರುವುದು ಅವುಗಳಿಂದ. ಬೇರೆ ಔಷಧಗಳಿಗೆ ಜಗ್ಗದ ಅಂತಹ ಕೋಶಗಳು ಜಿ.ಪಿ.ಎಕ್ಸ್.4ರ ಕಾವಲಿಲ್ಲದೆ ಬಾಳಲಾರವೆಂದು ಎರಡು ತಂಡಗಳು ತೋರಿಸಿದವು. ಚಿಕಿತ್ಸೆ ಮುಗಿಸಿ ಮನೆಗೆ ಹೋದ ರೋಗಿ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನು ಕಂಡವರಿಗೆ, ಪ್ರಯೋಗಶಾಲೆಯ ಈ ಒಂದು ಫಲಿತಾಂಶ ಏಕೆ ಇಷ್ಟು ಆಸೆ ಹುಟ್ಟಿಸಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಾವಲುಗಾರನನ್ನು ಕಟ್ಟಿಹಾಕುವ ಔಷಧವೊಂದನ್ನು ಕೊಟ್ಟುಬಿಡಬಾರದೆ? ಬಾರದು. ಜಿ.ಪಿ.ಎಕ್ಸ್.4 ಇಲ್ಲದ ಇಲಿಯ ಭ್ರೂಣ ಹುಟ್ಟುವ ಮುಂಚೆಯೇ ಸಾಯುತ್ತದೆ. ಬೆಳೆದ ಇಲಿಯಲ್ಲಿ ಅದನ್ನು ತೆಗೆದುಹಾಕಿದರೆ ಮೂತ್ರಪಿಂಡಗಳು ಕೆಟ್ಟು ಇಲಿ ಸಾಯುತ್ತದೆಂದು 2014ರಲ್ಲಿ ಕಂಡುಬಂದಿತು. ಕಾವಲು ಎಲ್ಲರ ಮನೆಗೂ ಒಂದೇ. ಆದುದರಿಂದಲೇ ಸಂಶೋಧಕರ ಗಮನ ಈಗ ಕಾವಲುಗಾರನಿಂದ ಉರುವಲಿನ ಕಡೆಗೆ ತಿರುಗಿದೆ: ಗಡ್ಡೆಯ ಕೋಶದ ಪೊರೆಯಲ್ಲಿ ಯಾವ ಕೊಬ್ಬು ಎಷ್ಟಿದೆ, ಅದನ್ನು ಮಾರ್ಪಡಿಸಬಹುದೆ ಎಂಬುದರ ಕಡೆಗೆ.

ಉರುವಲು ಕಡಿಮೆಯಾದರೆ ಏನಾಗುವುದೆಂಬುದನ್ನು 2020ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಷಾನ್ ಮಾರಿಸನ್‌ರ ತಂಡ ಇಲಿಗಳಲ್ಲಿ ಕಂಡಿತು. ಚರ್ಮದ ಮೆಲನೋಮ ಎಂಬ ಕ್ಯಾನ್ಸರಿನ ಕೋಶಗಳು ನೇರವಾಗಿ ರಕ್ತಕ್ಕೆ ಇಳಿದರೆ ಬಹಳಷ್ಟು ಕಬ್ಬಿಣದ ಸಾವಿಗೆ ತುತ್ತಾಗುವುವು; ಮೊದಲು ದುಗ್ಧರಸದ ನಾಳಗಳಲ್ಲಿ ಸುತ್ತಾಡಿ ಬಂದವು ಬದುಕುವುವು. ದುಗ್ಧರಸದಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲವನ್ನು ಅವು ತಮ್ಮ ಪೊರೆಗೆ ಸೇರಿಸಿಕೊಂಡಿದ್ದವು. ಒಂದೇ ಜೋಡಿಬಂಧದ ಆ ಸರದಲ್ಲಿ, ನಡುವೆ ಸಿಕ್ಕಿಕೊಂಡ ಇಂಗಾಲವೇ ಇಲ್ಲವಷ್ಟೆ! ಬಾಗಿಲಿಗೆ ಅಗಸೆ ಎಣ್ಣೆಯ ಬದಲು ಆಲಿವ್ ಎಣ್ಣೆ ಬಳಿದಂತಾಯಿತು. ಉರುವಲು ಹೆಚ್ಚಾದರೆ ಇದಕ್ಕೆ ವಿರುದ್ಧ. ನಮ್ಮ ರಕ್ಷಣಾ ಕೋಶಗಳು ಸುರಿಸುವ ಇಂಟರ್‌ಫೆರಾನ್ ಗ್ಯಾಮಾ ಎಂಬ ವಸ್ತುವೂ ಅರಾಕಿಡೋನಿಕ್ ಆಮ್ಲವೂ ಕೂಡಿದರೆ ಗಡ್ಡೆಯ ಕೋಶಗಳು ಹೀಗೆ ಸಾಯುವುವೆಂದು ಮಿಷಿಗನ್ನಿನ ವಿಜ್ಞಾನಿಗಳು 2022ರಲ್ಲಿ ವರದಿಮಾಡಿದರು. ದೇಹ ತಾನಾಗಿಯೇ ಈ ಅಸ್ತ್ರವನ್ನು ಬಳಸುತ್ತಿದೆ ಎಂದಾಯಿತು. ಇನ್ನೊಂದು ಅಚ್ಚರಿ: ಬಿಸಿಲು ಬಿದ್ದಾಗ ಚರ್ಮದಲ್ಲಿ ಡಿ ಜೀವಸತ್ವಕ್ಕೆ ಮೂಲವಾಗುವ ಒಂದು ಕೊಲೆಸ್ಟೆರಾಲ್ ಜಾತಿಯ ದ್ರವ್ಯ, ರ‍್ಯಾಡಿಕಲ್ಲುಗಳಿಗೆ ತಾನೇ ಬಲಿಯಾಗಿ ಪೊರೆಯನ್ನು ಉಳಿಸುತ್ತದೆಂದು 2024ರಲ್ಲಿ ಎರಡು ತಂಡಗಳು ಪ್ರಕಟಿಸಿದವು. ಕ್ಯಾನ್ಸರ್ ಕೋಶಕ್ಕೂ ಇದರಿಂದ ರಕ್ಷಣೆ ದೊರೆಯುತ್ತದೆ.

ನಮ್ಮ ಬಾಗಿಲಿನ ಎಣ್ಣೆಗೆ ತೀರ ಹತ್ತಿರವಾದ ಪ್ರಯೋಗವನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ಚೀನದಲ್ಲಿ ಮರದ ದೋಣಿಗಳಿಗೂ ಪೀಠೋಪಕರಣಗಳಿಗೂ ಹಿಂದಿನಿಂದ ಬಳಿಯುತ್ತ ಬಂದಿರುವ ಟಂಗ್ ಎಣ್ಣೆ ಅಗಸೆ ಎಣ್ಣೆಗಿಂತ ಬೇಗ ಒಣಗುತ್ತದೆ. ಅದರ ಮುಖ್ಯ ಆಮ್ಲದ ಹೆಸರು ಎಲಿಯೊಸ್ಟಿಯರಿಕ್. ಇದರಲ್ಲಿಯೂ ಲಿನೊಲೆನಿಕ್ ಆಮ್ಲದಂತೆ 18 ಇಂಗಾಲ, ಮೂರು ಜೋಡಿಬಂಧ. ಆದರೆ ಇಲ್ಲಿ ಜೋಡಿಬಂಧ, ಒಂಟಿಬಂಧ, ಜೋಡಿಬಂಧ ಎಂದು ಒಂದರ ಪಕ್ಕ ಒಂದು ಎಡೆಬಿಡದೆ ನಿಂತಿವೆ. ರ‍್ಯಾಡಿಕಲ್ ಇದರ ಮೈಗೆ ನೇರವಾಗಿಯೇ ಅಂಟಬಲ್ಲದು. ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದ ವಿಜ್ಞಾನಿಗಳೂ ಅವರ ಸಹಯೋಗಿಗಳೂ 2021ರಲ್ಲಿ ಪ್ರಕಟಿಸಿದಂತೆ, ಈ ಆಮ್ಲವನ್ನು ಕೊಟ್ಟಾಗ ಕ್ಯಾನ್ಸರ್ ಕೋಶಗಳು ಅದನ್ನು ಆಹಾರವೆಂದು ನುಂಗಿ ತಮ್ಮ ಕೊಬ್ಬಿನಲ್ಲಿ ಸೇರಿಸಿಕೊಂಡು ಕಬ್ಬಿಣದ ಸಾವಿಗೆ ಈಡಾಗುತ್ತವೆ. ಜಿ.ಪಿ.ಎಕ್ಸ್.4 ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಉರಿ ಅದರ ಕೈಮೀರಿರುತ್ತದೆ. ಟಂಗ್ ಎಣ್ಣೆ ಕುಡಿಸಿದ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯೂ ಹರಡುವಿಕೆಯೂ ತಗ್ಗಿದವು.

ಇದೇ ಆಮ್ಲ ನಮ್ಮ ಹಾಗಲಕಾಯಿಯ ಬೀಜದಲ್ಲಿಯೂ ಹೇರಳವಾಗಿದೆ. ಇದನ್ನು ಓದಿದೊಡನೆ ಯಾರಾದರೂ ಹಾಗಲ ಬೀಜವನ್ನು ಅರೆದು ರೋಗಿಗೆ ಕೊಡಲು ಹೊರಟಾರೆಂಬ ಅಂಜಿಕೆಯಿಂದ ಈ ಮಾತನ್ನು ಬರೆಯಬೇಕೆ ಬೇಡವೆ ಎಂದು ನಾವು ಹಿಂದುಮುಂದು ನೋಡಿದೆವು. ಟಂಗ್ ಮರದ ಕಾಯಿ ಮನುಷ್ಯರಿಗೆ ವಿಷ. ಅದರ ಎಣ್ಣೆ ಆಹಾರವಲ್ಲ. ಇಲಿಯಲ್ಲಿ ನಡೆದ ಪ್ರಯೋಗಕ್ಕೂ ಮನುಷ್ಯನ ಚಿಕಿತ್ಸೆಗೂ ನಡುವೆ ಅನೇಕ ವರ್ಷಗಳ ಪರೀಕ್ಷೆಯ ದಾರಿಯಿದೆ. ಅದರಲ್ಲಿ ಅರ್ಧಕ್ಕೆ ನಿಂತುಹೋದ ಮದ್ದುಗಳೇ ಹೆಚ್ಚು. ಇಷ್ಟಾದರೂ, ಆ ಆಮ್ಲ ಕೋಶದ ಕೊಬ್ಬಿನಲ್ಲಿ ಸೇರಿಕೊಳ್ಳಬೇಕಾದರೆ ಎ.ಸಿ.ಎಸ್.ಎಲ್.1 ಎಂಬ ಒಂದು ಕಿಣ್ವದ ನೆರವು ಬೇಕೆಂದು ಆ ಸಂಶೋಧಕರೇ ಗುರುತಿಸಿದ್ದಾರೆ. ಎಲ್ಲ ಕೋಶಗಳಲ್ಲಿಯೂ ಅದು ಒಂದೇ ಪ್ರಮಾಣದಲ್ಲಿರುವುದಿಲ್ಲ.